ಇನ್ನೂರ ಹದಿನಾಲ್ಕು

ಋಷಿಮೂಲ, ನದೀಮೂಲ ಕೆದಕಬಾರದಂತೆ.
ಕಲ್ಲುಗಣಿಯಲ್ಲಿ ಹಲಗೆ ಸೀಳುವವನ ಮೂಲ?
ಗಾದೆ ಸುಮ್ಮನಿದೆ.

ಹಾಗಾಗಿ ತಿಂಗಳ ಎರಡನೆಯ ಶನಿವಾರ
ವೇಲ್ಸಿನ ಗ್ಲಾನ್ರಾವನ್ ಊರಲ್ಲಿ
ಪ್ರಾರ್ಥನಾ ಮಂದಿರದ ಹಿಂಗೋಣೆಯ ಬೀಗ ತೆಗೆದು
ಒಂಬತ್ತು ಜನ, ಒಂದು ಕೆಟಲು,
ಗದರಿಸಿದರೆ ಮಾತ್ರ ಓಡುವ ಮೈಕ್ರೋಫಿಲ್ಮ್ ಯಂತ್ರ.
ವರ್ಷದ ಚಂದಾ ಹನ್ನೆರಡು ಪೌಂಡು,
ಬಿಸ್ಕತ್ತು ಅದರೊಳಗೇ.

ಊರಿಗೆ ಊರೇ ಜೋನ್ಸ್.
ಜೋನ್ಸನ ಮಗ ಜೋನ್ಸ್, ಜೋನ್ಸರ ಮಗಳನ್ನೇ ಕಟ್ಟಿಕೊಂಡ ಮೇಲೆ
ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ.
ಮನೆ ಹಿಡಿಯಬೇಕು, ಕಸುಬು ಹಿಡಿಯಬೇಕು:
ಹಾಲಿನ ಜೋನ್ಸ್,
ಮದ್ದಿನ ಜೋನ್ಸ್ — ಗುಳಿಗೆಯದಲ್ಲ, ಬಂಡೆ ಸಿಡಿಸುವ ಮದ್ದು —
ಎರಡು ಸಲ ಸತ್ತ ಜೋನ್ಸ್,
ಒಂದು ಸಲ ಗುಮಾಸ್ತನ ಕೈತಪ್ಪಿನಿಂದ.

ಹೊಸಬರಿಗೆ ಮುದುಕ ಇದ್ವಾಲ್‌ನದು ಒಂದೇ ಪಾಠ:
"ನಿಮ್ಮಿಂದ ಶುರುಮಾಡಿ, ಹಿಂದಕ್ಕೆ ನಡೆಯಿರಿ.
ರಾಜರಿಂದ ಹೊರಟು ಮುಂದಕ್ಕೆ ಬಂದವರು
ಯಾರೂ ಮನೆ ತಲುಪಿದ್ದಿಲ್ಲ."

ಬೇಸಿಗೆಯಲ್ಲಿ ಗೋರಿಗಳ ನಡುವೆ ಕೆಲಸ.
ಹಲ್ಲುಜ್ಜುವ ಬ್ರಷ್ಷು, ಬರೀ ನೀರು, ಸಾಬೂನು ಕೂಡದು.
ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು
ಕಲ್ಲಿನ ಮೇಲೆ ಅಡ್ಡಡ್ಡ ಹಾಯಿಸಿದರೆ
ಸವೆದ ಅಕ್ಷರ ಒಂದು ಗಳಿಗೆ ಎದ್ದು ಕೂರುತ್ತದೆ.
ಇನ್ನೊಬ್ಬರು ಬರೆದುಕೊಳ್ಳುವಷ್ಟರಲ್ಲಿ
ಮೋಡ.

ಚಳಿಗಾಲಕ್ಕೆ ಕಾರ್ಡುಗಳು.
ಬೂಟಿನ ಡಬ್ಬಗಳಲ್ಲಿ ಊರಿನ ದೀಕ್ಷಾಸ್ನಾನಗಳೆಲ್ಲ.
ಮೆರೆರಿದ್ ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಾಳೆ.
ಕೈಬರಹ ಅವಳ ತಾಯಿಯದು,
ಸಂಘದ ಮೊದಲ ಕಾರ್ಯದರ್ಶಿ ನೆಸ್ಟಳದು.
ಏಳಕ್ಕೆ ನಡುಪಟ್ಟಿ ಕಟ್ಟುವ ಕೈ.
ಪ್ರತಿ ಮುಚ್ಚಳದ ಒಳಗೂ ಅದೇ ಕೈಯ ಅಪ್ಪಣೆ:
ಕಂಡದ್ದನ್ನು ಕಂಡಂತೆ ಬರೆಯಿರಿ. ತಿದ್ದಬೇಡಿ.

ಜನವರಿಯ ಆ ಮಧ್ಯಾಹ್ನ
ಇನ್ನೂರ ಹದಿಮೂರು.
ಇನ್ನೂರ ಹದಿನೈದು.

ಎರಡು ಕಾರ್ಡು ಅಂಟಿವೆಯೇನೋ ಎಂದು
ಬೆರಳಿಗೆ ಎಂಜಲು ಹಚ್ಚಿ ತಿರುವಿದಳು.
ಡಬ್ಬ ಬೋರಲು ಹಾಕಿದಳು. ಒಂದು ಗುಂಡುಸೂಜಿ ಬಿತ್ತು.

ಆಮೇಲೆ ಯಂತ್ರವನ್ನು ಗದರಿಸಿ, ಸುರುಳಿ ತಿರುಗಿಸಿ
ಸಾವಿರದ ಎಂಟುನೂರ ತೊಂಬತ್ತಾರರಲ್ಲಿ ನಿಲ್ಲಿಸಿದಳು.
ಇತ್ತು. ಕೂಸು: ಕತ್ರಿನ್.
ತಾಯಿ: ಲೌರಿ, ತೋಟದಮನೆಯ ಕೆಲಸದಾಳು.
ತಂದೆ ಎಂಬಲ್ಲಿ ಒಂದು ಗೆರೆ,
ಪಾದ್ರಿ ಒತ್ತಿ ಎಳೆದದ್ದಕ್ಕೆ
ಮಸಿ ಕಾಗದ ಕುಡಿದು ಆಚೆ ಬದಿಗೂ ಮೂಡಿತ್ತು.

ಕತ್ರಿನ್ ಅಂದರೆ ಅವಳ ಅಜ್ಜಿ.
ಅಜ್ಜಿಯ ಅಪ್ಪ ನಾವಿಕ,
ವಾಲ್ಪರೈಸೊ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿದ,
ಹುಟ್ಟಿದ ಮಗಳ ಮುಖ ನೋಡದೆ —
ಇದನ್ನು ಅಮ್ಮ ಹೇಳುವಾಗ
ಒಲೆಯ ಮೇಲಿನ ಹಡಗಿನ ಚಿತ್ರದತ್ತ ಕೈ ತೋರುತ್ತಿದ್ದಳು,
ಪ್ರತಿ ಸಲ ಗಾಳಿ ಸ್ವಲ್ಪ ಜಾಸ್ತಿ ಬೀಸುತ್ತಿತ್ತು.

ಇದ್ವಾಲ್ ಚಹಾ ತಂದಿಟ್ಟ. ಪರದೆ ನೋಡಿದ.
ಹೋಗಲಿಲ್ಲ.
"ಆ ವರ್ಷದ ಕಾರ್ಡು ತಾಳೆ ನೋಡಿದವನು ನಾನೇ," ಅಂದ.
ಅವಳು ಡಬ್ಬ ಎಳೆದುಕೊಂಡಳು.
ಹದಿಮೂರರ ಮೂಲೆಯಲ್ಲಿ ಪೆನ್ಸಿಲಿನ ಸರಿಗುರುತು,
ಹದಿನೈದರ ಮೂಲೆಯಲ್ಲೂ.
"ನಿಮ್ಮಮ್ಮ ಆವತ್ತು ಅಷ್ಟು ದೂರದಲ್ಲಿ ಕೂತಿದ್ದಳು,
ಆ ಕಿಟಕಿಯ ಹತ್ತಿರ.
ನನ್ನ ಪೆನ್ಸಿಲನ್ನೇ ನೋಡುತ್ತಿದ್ದಳು."

ಸಕ್ಕರೆ ಬೇಕೇ ಎಂದು ಕೇಳಿ, ಉತ್ತರ ಕಾಯದೆ
ಲೋಟ ತೊಳೆಯಲು ಹೋದ.

ಹೊಸ ಕಾರ್ಡು ತೆಗೆದಳು. ಬಿಳಿ ತೀರಾ ಬಿಳಿ.
ಇನ್ನೂರ ಹದಿನಾಲ್ಕು. ಕತ್ರಿನ್. ಲೌರಿ.
ಗೆರೆಯ ಮುಂದೆ ಕೈ ನಿಂತಿತು:
ಕಂಡದ್ದನ್ನು ಕಂಡಂತೆ ಅಂದರೆ
ಅಷ್ಟೇ ಉದ್ದವೇ? ಅಷ್ಟೇ ಒತ್ತಿಯೇ?
ಸಾಧಾರಣವಾಗಿ ಎಳೆದಳು.
ನಡುವೆ ಇಟ್ಟಳು. ಮುಚ್ಚಳ ಹಾಕಿದಳು.

ಹಡಗಿನ ಚಿತ್ರ ಗೋಡೆಯ ಮೇಲೆ ಹಾಗೇ ಇದೆ.
ಯಾರದೋ ಹಡಗು ಅದು.
ಅವರ ಕಡೆಯವರೂ ಎಲ್ಲೋ ಹುಡುಕುತ್ತಿರಬೇಕು,
ಯಾವುದೋ ಊರಲ್ಲಿ, ಶನಿವಾರ.