ರಸೀದಿ ನಂಬರು ನಲವತ್ತೊಂಬತ್ತು

ಐವತ್ತು ಹಾಳೆಯ ಪುಸ್ತಕ, ನಡುವೆ ನೀಲಿ ಕಾರ್ಬನ್ನು.
ಸಂಜೆಯ ಹೊತ್ತಿಗೆ ಬೆರಳ ತುದಿ
ಆಗಷ್ಟೇ ಓಟು ಹಾಕಿ ಬಂದವಳ ಹಾಗೆ.

ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ
ಇಪ್ಪತ್ತೆರಡು ವರ್ಷ ಕೂತವಳು ನಾನು.
ದುಡ್ಡು ತಾನಾಗಿ ಕಿಂಡಿಗೆ ಬರುತ್ತಿತ್ತು,
ಜನ ಬೈದುಕೊಂಡೇ ಕಟ್ಟುತ್ತಿದ್ದರು.
ಈಗ ನಾನೇ ಕಿಂಡಿಯಾಚೆ, ಬಿಸಿಲಲ್ಲಿ,
ಶಿವರಾಂಪೇಟೆಯ ಮೆಟ್ಟಿಲಿಂದ ಮೆಟ್ಟಿಲಿಗೆ.

ಏನಮ್ಮ, ಗಣಪತಿಗಾ?
ಅಲ್ಲ ಸ್ವಾಮಿ, ಕ್ಲಾರಿನೆಟ್ಟಿಗೆ.
ಹಾಂ?
ಕ್ಲಾರಿನೆಟ್ಟು, ಫುಟ್‌ಬಾಲು.
ಕ್ಯಾತಮಾರನಹಳ್ಳಿ, ಉದಯಗಿರಿ ಕಡೆಯ ಮಕ್ಕಳು,
ನಲವತ್ತೊಂದು ಜನ, ಭಾನುವಾರ ಕಲೀತಾರೆ.
ಊದಿದರೆ ಹೊಟ್ಟೆ ತುಂಬುತ್ತಾ?
ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.
ಸುಮ್ಮನೆ ನಿಂತೆ.
ನಿಂತದ್ದಕ್ಕೇ ನೂರು ಕೊಟ್ಟ.

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ
ಬೋಣಿಯೇ ಆಗಿಲ್ಲ ಕಣವ್ವ ಅಂದ ಪುಟ್ಟನಂಜಿ
ಎರಡು ಮೊಳ ಅಳೆದಳು,
ಮೊಳಕೈಯಿಂದ ಒಂಚೂರು ಹಿಂದಕ್ಕೇ ಎಳೆದು.
ಮಲ್ಲಿಗೆಗೆ ರಸೀದಿ ಬರೆಯುವುದು ಹೇಗೆ?
ಮುಡಿದುಕೊಂಡೆ.
ಲೆಕ್ಕ ತಪ್ಪಲು ಶುರುವಾದದ್ದು ಅಲ್ಲಿಂದ.

ವಿಜಯನಗರದ ಲೇಔಟ್ ಸಾಹೇಬರ ಸೋಫಾ
ಕೂತರೆ ಏಳಲು ಬಿಡದಂಥದ್ದು.
ಇಪ್ಪತ್ತೈದು ಸಾವಿರ, ಅಂದರು,
ಬಾಗಿಲಷ್ಟು ದೊಡ್ಡ ಚೆಕ್ಕು ಮಾಡಿಸೋಣ.
ಮಕ್ಕಳು ಹೇಗಿದ್ದಾರೋ ಹಾಗೇ ಬರಲಿ,
ಹರಿದಿದ್ದರೂ ಪರವಾಗಿಲ್ಲ,
ಹರಿದಿದ್ದರೇ ಫೋಟೋಗೆ ಚೆನ್ನ.
ನಾನು ತಲೆಯಾಡಿಸಿದೆ. ಸುಳ್ಳೇಕೆ, ಆಡಿಸಿದೆ.
ಆದರೆ ಇಸ್ತ್ರಿ ಗಾಡಿಯ ಶಿವಲೀಲಾಗೆ
ಇದನ್ನೆಲ್ಲ ಯಾರೂ ಹೇಳಿರಲಿಲ್ಲ.
ರಾತ್ರಿಯೆಲ್ಲ ಕೆಂಡ ಊದಿ ಊದಿ
ನಲವತ್ತೊಂದು ಅಂಗಿಗೂ ತೋಳಿನ ಗೆರೆ ಕೂರಿಸಿದ್ದಳು,
ಸೌತೆಕಾಯಿ ಹೆಚ್ಚಬಹುದಾದಂಥ ಗೆರೆ.
ಫೋಟೋ ಪೇಪರಿಗೆ ಬರಲಿಲ್ಲ.
ಚೆಕ್ಕು ಬಂತು, ಹತ್ತು ಸಾವಿರದ್ದು,
ಮಾಮೂಲಿ ಸೈಜಿನದು.

ಕ್ಲಾರಿನೆಟ್ಟು ಸದ್ಯಕ್ಕೆ ಒಂದೇ.
ಮದುವೆ ಬ್ಯಾಂಡಿನಿಂದ ಮುಪ್ಪಿಗೆ ಬಿಟ್ಟ
ಚೌರಪ್ಪ ಮೇಷ್ಟ್ರದು, ಮೂರು ಬಾಯಿಗೆ ಒಂದು.
ಒಬ್ಬಳು ಊದಿ, ನಲ್ಲಿಯಡಿ ಮೂತಿ ತೊಳೆದು,
ಲಂಗಕ್ಕೆ ಒರೆಸಿ, ಇನ್ನೊಬ್ಬಳಿಗೆ.
ಮೂರನೆಯ ಬಾಯಿ ಸಮೀವುಲ್ಲಾನದು.
ಆರು ತಿಂಗಳಿಂದ ಬಂದಿಲ್ಲ.
ಮೇಷ್ಟ್ರು ಅವನ ಸರದಿ ಬಂದಾಗ
ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು
ಅಷ್ಟು ಹೊತ್ತು ಸುಮ್ಮನಿರುತ್ತಾರೆ.

ಬನ್ನಿಮಂಟಪದ ತಿರುವಿನಲ್ಲಿ ಮೊನ್ನೆ
ನನ್ನ ಸ್ಕೂಟಿಯ ಹಿಂದಿನ ಚಕ್ರ ಕುಸಿಯಿತು.
ತಳ್ಳಿಕೊಂಡು ಹೋದರೆ, ಟೈರುಗಳ ನಡುವೆ ಅವನೇ.
ಮೀಸೆ ಚಿಗುರಿದೆ, ಉಗುರೆಲ್ಲ ಗ್ರೀಸು.
ಅಬ್ಬಾಗೆ ಕೈ ಬರಲ್ಲ ಮೇಡಂ, ಅಂದ. ಅಷ್ಟೇ.
ನಾನೂ ಮುಂದಕ್ಕೆ ಕೇಳಲಿಲ್ಲ.
ಕಂಪ್ರೆಸರು ಗುಡುಗಿ ಗುಡುಗಿ ನಿಂತಾಗ
ಕತ್ತು ಓರೆ ಮಾಡಿ ಹೇಳಿದ:
ಇದು ನಿಲ್ಲೋದು ಮೇಷ್ಟ್ರು ಹೇಳಿಕೊಟ್ಟ ಗಾಂಧಾರದಲ್ಲಿ,
ಒಂಚೂರು ಇಳಿದಿದೆ.
ದಿನಾ ಕೇಳ್ತೀನಿ.

ಡಿಕ್ಕಿಯಲ್ಲಿ ಮೆತ್ತಗಾಗಿದ್ದ ಚೆಂಡು ಕಂಡ.
ಕೇಳದೆಯೇ ಎತ್ತಿಕೊಂಡ.
ಬಕೆಟ್ಟಿನ ನೀರಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿಂದೇಳುತ್ತದೆಂದು
ಉಸಿರು ಹಿಡಿದು ನೋಡಿದ, ನಾನೂ ಹಿಡಿದೆ.
ತೇಪೆ ಹಾಕಿ, ಗಾಳಿ ತುಂಬಿ,
ಡಾಂಬರಿನ ಮೇಲೆ ಒಮ್ಮೆ ಪುಟಿಸಿ
ಕೈಗಿಟ್ಟ.
ದುಡ್ಡು ಬೇಡ. ರಸೀದಿ ಕೊಡಿ.
ಅಂಗಡಿಯವರಿಗೆಲ್ಲ ಕೊಡ್ತೀರಲ್ಲ, ಅಂಥದು.
ಹೆಸರು ಪೂರ್ತಿ ಬರೀರಿ.

ಬರೆದೆ.
ರೂಪಾಯಿ ಎಂಬಲ್ಲಿ ಗೆರೆ ಎಳೆದೆ.
ಬಾಬ್ತು ಎಂಬಲ್ಲಿ: ಗಾಳಿ.
ಎರಡು ಕೈಯಲ್ಲಿ ತಗೊಂಡ, ನಾಲ್ಕು ಮಡಿಕೆ ಮಾಡಿದ,
ಗ್ರೀಸು ತಾಗದ ಜೇಬು ಹುಡುಕಿದ.

ಆಡಿಟರು ಶೇಷಗಿರಿ ಕನ್ನಡಕ ಏರಿಸುತ್ತಾರೆ:
ನಲವತ್ತೊಂಬತ್ತರಲ್ಲಿ ಮೊತ್ತವೇ ಇಲ್ಲವಲ್ಲ.
ಇದನ್ನು ಯಾವ ತಲೆಬರಹಕ್ಕೆ ಹಾಕಲಿ?
ಹಾಕಿ ಸಾರ್, ಎಲ್ಲಾದರೂ.
ಅವರು ಹಾಳೆ ತಿರುವುತ್ತಾರೆ.
ಅಷ್ಟೊಂದು ಒತ್ತಿ ಬರೆದಿದ್ದೆನೇ?
ಯಾರೂ ಏನೂ ಕೊಡದ ಐವತ್ತರ ಮೇಲೂ
ಬಣ್ಣವಿಲ್ಲದ ಗೀರಾಗಿ, ಓರೆ ಬೆಳಕಿಗೆ ಹಿಡಿದರೆ,
ಅವನ ಹೆಸರು.