ಬಾಣಲೆ ಒಂದು

ಮೂರು ಗ್ಯಾರೇಜು ಸುತ್ತಿ ಬಂದಿತ್ತು ಆ ಬಿಳಿ ಕಾರು
ವಾದಿ ಕಬೀರಿನ ನಮ್ಮ ಶೆಡ್ಡಿಗೆ.
ಮೂವರದೂ ಒಂದೇ ಮಾತು: ಗೇರ್‌ಬಾಕ್ಸೇ ಹೋಗಿದೆ,
ನಾನೂರು ರಿಯಾಲ್.
ಜುವೈನಾ ಕೀಲಿಕೈ ಮೇಜಿಗಿಟ್ಟು ಹೇಳಿದಳು,
ನಾಲ್ಕನೆಯ ಸಲ ಹೇಳುವವರ ತಾಳ್ಮೆಯಲ್ಲಿ:
ಬೆಳಿಗ್ಗೆ ಸರಿ ಇರುತ್ತದೆ.
ಬಿಸಿಲು ನೆತ್ತಿಗೆ ಬಂದಾಗ, ಅಮೆರಾತ್ ಏರಿನಲ್ಲಿ,
ಮೂರರಲ್ಲೇ ಕಚ್ಚಿಕೊಳ್ಳುತ್ತದೆ
ಹಟಮಾರಿ ಕತ್ತೆ. ಹಿಂದೆ ಲಾರಿಗಳ ಹಾರ್ನು.
ಅರ್ಧ ಗಂಟೆ ನಿಲ್ಲಿಸಿ, ಬಾನೆಟ್ಟು ತೆರೆದಿಟ್ಟು,
ಮತ್ತೆ ಹೊರಟರೆ ಏನೂ ಆಗಿಯೇ ಇಲ್ಲ ಎಂಬಂತೆ.

ಸ್ಕ್ಯಾನರ್ ಹೇಳಿತು: ಶಿಫ್ಟ್ ಸೊಲೆನಾಯ್ಡ್, ಬಿ.
ಅದು ಅಂಚೆಯವನ ಹಾಗೆ, ಮನೆ ತೋರಿಸುತ್ತದೆ,
ಒಳಗಿನ ಜಗಳ ಹೇಳುವುದಿಲ್ಲ.

ಎಣ್ಣೆ ಇಳಿಸಿದೆ. ಮೂಸಿದೆ. ಸುಟ್ಟ ವಾಸನೆ ಇಲ್ಲ.
ತಳದ ಅಯಸ್ಕಾಂತಕ್ಕೆ ಅಂಟಿದ್ದು
ಕಾಡಿಗೆಯಷ್ಟು ನುಣ್ಣನೆ ಕೆಸರು, ಚೂರುಗಳಲ್ಲ.
ಹಲ್ಲೆಲ್ಲ ಗಟ್ಟಿ ಉಂಟು ಮಾರಾಯ್ರೆ,
ನಾನೂರು ರಿಯಾಲಿನ ಮಾತು ಅಲ್ಲೇ ಬಿತ್ತು.
ಆದರೆ ಮೀಟರು ಹಿಡಿದರೆ ಹದಿಮೂರು ಓಮ್,
ಪುಸ್ತಕದಲ್ಲಿ ಇದ್ದಷ್ಟೇ. ಬಿಚ್ಚಿ ಅಂಗೈಯಲ್ಲಿಟ್ಟೆ:
ಹೆಬ್ಬೆರಳುದ್ದ, ಪಾಪದ ಮುಖ.
ತಣ್ಣಗಿದ್ದಾಗ ಯಾರು ತಾನೆ ತಪ್ಪು ಒಪ್ಪುತ್ತಾರೆ?

ಆಗ ನೆನಪಾದದ್ದು ಮೋನಬ್ಬನ ಬಾಣಲೆ.
ಶೆಡ್ಡಿನ ಹಿಂದೆ, ಬಂಗುಡೆ ಹುರಿಯುವ ಅದೇ ಬಾಣಲೆಯಲ್ಲಿ
ಅರ್ಧ ಲೀಟರ್ ಗೇರ್ ಎಣ್ಣೆ, ಸಣ್ಣ ಉರಿ,
ತಂತಿಗೆ ಕಟ್ಟಿ ಇಳಿಬಿಟ್ಟ ಸೊಲೆನಾಯ್ಡ್.
ಅವನು ನಮಾಜು ಮುಗಿಸಿ ಬರುವುದರೊಳಗೆ ಆಗಬೇಕು.
ಅರವತ್ತು ಡಿಗ್ರಿಗೆ ಹದಿನೈದು.
ಎಂಬತ್ತಕ್ಕೆ ಹದಿನಾರು.
ತೊಂಬತ್ತಕ್ಕೆ ಎರಡೇ ಬಾಕಿ ಇರುವಾಗ
ಅಂಕಿ ಕುಣಿಯಿತು,
ಮೀಟರು ಖಾಲಿ.
ಒಳಗೆಲ್ಲೋ ಕೂದಲೆಳೆಯ ತಾಮ್ರ
ಬಿಸಿಗೆ ಹಿಗ್ಗಿ ಕೈ ಬಿಟ್ಟಿತ್ತು.
ತೆಗೆದು ಫ್ಯಾನಿನಡಿ ಇಟ್ಟೆ. ಮತ್ತೆ ಹದಿಮೂರು.
ಕಳ್ಳ.

ಅವಳು ಹೇಳಿದ್ದೂ ಇದನ್ನೇ, ಮೊದಲ ದಿನದಿಂದ.
ನಾನೂ ಮೀಟರನ್ನೇ ಮೊದಲು ನಂಬಿದ್ದು.

ಹೊಸದು ಹಾಕಿ, ನಡುಮಧ್ಯಾಹ್ನ ಏರಿಗೆ ಹೊರಟೆವು.
ಸ್ಟಿಯರಿಂಗು ಅವಳ ಕೈಯಲ್ಲಿ, ನಾನು ಪಕ್ಕದಲ್ಲಿ
ಗೇರು ಬದಲಾಗುವುದನ್ನು ಬೆನ್ನಲ್ಲಿ ಆಲಿಸುತ್ತ.
ಮೂರು ಯಾವಾಗ ಎರಡಾಯಿತೋ ತಿಳಿಯಲಿಲ್ಲ,
ತಿರುವಿನಲ್ಲಿ ಒಂದು ಸಿಮೆಂಟು ಲಾರಿ
ಹಿಂದೆ ಸರಿದದ್ದು ಮಾತ್ರ ಕಂಡಿತು.

ಬಿಲ್ಲು ಓದಿ ಹುಬ್ಬೇರಿಸಿದಳು:
ಸೊಲೆನಾಯ್ಡ್ ಒಂದು, ಎಣ್ಣೆ ನಾಲ್ಕು ಲೀಟರ್, ಕೂಲಿ,
ಬಾಣಲೆ ಒಂದು?
ಒಳಗಿನಿಂದ ಮೋನಬ್ಬ ಇನ್ನೂ ಬೈಯುತ್ತಲೇ ಇದ್ದ,
ಸಾಬೂನು, ಬೂದಿ, ಲಿಂಬೆ ಎಲ್ಲ ಹಾಕಿ ಉಜ್ಜುತ್ತ.