ಅಳಿಸಿದೆ ಅಂದಿದ್ದೆ

ಕೌಲ್ ಬಜಾರಿನ ನನ್ನ ಝೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರನ್ನು
ಯರ್ರಿಸ್ವಾಮಿ ಕೇಳಿದ್ದ, ಮೂರೂವರೆ ಸಾವಿರಕ್ಕೆ,
ಅವನ ಜೀನ್ಸ್ ವಾಷಿಂಗ್ ಯೂನಿಟ್ಟಿನ ಲೆಕ್ಕ ಬರೆಯಲಿಕ್ಕೆ.
ಕೊಡುವ ಮುಂಚೆ ಎಲ್ಲ ಡಿಲೀಟ್ ಮಾಡಿದೆ.
ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.

ರಿಪೇರಿಯ ಗೌಸ್ ನಕ್ಕ.
“ನೀವು ಹೊಡೆದಿದ್ದು ಹಾಜರಿ ಪುಸ್ತಕದಾಗಿನ ಹೆಸರು, ಮೇಡಂ.
ಹುಡುಗರು ಇನ್ನಾ ಬೆಂಚಿನ ಮೇಲೇ ಕುಂತಾರ.”
ಒಂದು ಪೆನ್‌ಡ್ರೈವ್ ಚುಚ್ಚಿದ. ಚಹಾ ಬರುವಷ್ಟರಲ್ಲಿ
ಒಬ್ಬೊಬ್ಬರೇ ಎದ್ದು ನಿಂತರು:

ಹೊಲಿದು ಹೊಲಿದು ಬೆರಳ ಗೆರೆ ಸವೆದು
ಆಧಾರಿಗೆಂದು ಮೂರು ಸಲ ಅಲೆದ ಮಾಬುನ್ನಿ,
ಎರಡು ಜನ್ಮದಿನಗಳಿರುವ ಒಬ್ಬ ಹುಡುಗ,
ಪಾಸ್‌ಬುಕ್ಕಿನ ಮೊದಲ ಪುಟಗಳು,
ಎಲ್ಲದರಲ್ಲೂ ಅದೇ ಗಾಬರಿಯ ಫೋಟೊ,
ಮತ್ತೆ
‘ಅರ್ಜಿ ಜಡೆಮ್ಮ ಎರಡು’.

ಚಹಾ ಕೆಳಗಿಟ್ಟೆ.

ಆರು ವರ್ಷದ ಹಿಂದೆ, ಬಿಸಿಲಿಗೆ ಶಟರು ಅರ್ಧ ಎಳೆದಿದ್ದಾಗ
ಬಗ್ಗಿ ಒಳಬಂದು ಹೇಳಿ ಬರೆಸಿದ್ದಳು.
ಗಂಡನ ಹೆಸರು. ಮೈದುನನ ಹೆಸರು. ತಾರೀಖುಗಳು.
ಓದಲು ಬಾರದವಳು ಪರದೆಯನ್ನೇ ಬಹಳ ಹೊತ್ತು ನೋಡಿ
“ಬ್ಯಾಡ ಬಿಡಮ್ಮಾ, ಅಳಿಸಿಬಿಡು ಇದನ್ನ” ಅಂದಳು.
ಅವಳ ಕಣ್ಣೆದುರೇ ಒತ್ತಿದೆ.
“ಹೋತಾ?”
“ಹೋತಕ್ಕ. ಇನ್ನ ಯಾರಿಗೂ ಸಿಗಂಗಿಲ್ಲ.”
ಹತ್ತು ರೂಪಾಯಿ ಇಟ್ಟು ಹೋದಳು. ನಾನು ತಗೊಂಡೆ.

ಸೊನ್ನೆ ಬರೀಬೇಕು ಅಂದ ಗೌಸ್. ಮನೆಮನೆಗೂ ಸೊನ್ನೆ,
ಖಾಲಿ ಬಿದ್ದ ಮನೆಗೂ.
ಯರ್ರಿಸ್ವಾಮಿಯ ಯೂನಿಟ್ಟಿನಲ್ಲಿ ಕಲ್ಲು ಹಾಕಿ ಪ್ಯಾಂಟು ತಿರುಗಿಸುತ್ತಾರೆ,
ಎಷ್ಟು ತಿರುಗಿಸಿದರೂ ಹೊಲಿಗೆಯ ಸಂದಿಯಲ್ಲಿ ನೀಲಿ ನಿಲ್ಲುತ್ತದೆ.
ಗಿರಾಕಿಗೆ ಅದೇ ಚೆಂದ.
ಇಲ್ಲಿ ನಿಲ್ಲಬಾರದು.

ರಾತ್ರಿ ಶಟರೆಳೆದು ಕೂತೆ.
ನೂರಕ್ಕೆ ಅರವತ್ತೊಂದು ಆದಾಗ ಕರೆಂಟು ಹೋಯಿತು.
ಕತ್ತಲಲ್ಲಿ ಅದೇ ಯೋಚನೆ:
ಜಡೆಮ್ಮ ಅರವತ್ತೊಂದರ ಈಚೆಗೋ, ಆಚೆಗೋ?
ಕರೆಂಟು ಬಂದ ಮೇಲೆ ಮತ್ತೆ ಒಂದರಿಂದ ಹಚ್ಚಿದೆ.

ಬೆಳಗಿನ ಜಾವಕ್ಕೆ ಮುಗಿಯಿತು. ಗೌಸ್ ಹೊಸದಾಗಿ ವಿಂಡೋಸ್ ತುಂಬಿದ.
ಯರ್ರಿಸ್ವಾಮಿ ಆಟೋದಲ್ಲಿ ಒಯ್ದ, ಸಾವಿರ ಬಾಕಿ ಇಟ್ಟು.

ಹನ್ನೊಂದಕ್ಕೆ ಜಡೆಮ್ಮ ಬಂದಳು,
ರೇಷನ್ ಕಾರ್ಡಿನ ಎರಡು ಝೆರಾಕ್ಸಿಗೆ.
ಮೇಜಿನ ಧೂಳಿನ ನಡುವೆ ಧೂಳಿಲ್ಲದ ಚೌಕ ನೋಡಿ
“ಹಳೇದು ಎಲ್ಲಿ?” ಅಂದಳು.
“ಹೋತಕ್ಕ.”

ನಾಲ್ಕು ರೂಪಾಯಿ ಚಾಚಿದಳು. ಕೈ ಹಿಂದೆಳೆದುಕೊಂಡೆ.
ಯಾಕೆಂದು ಕೇಳಿದಳು. ಹೇಳಲಿಲ್ಲ.
ಇನ್ನೂ ಆರು ನಾನು ಕೊಡುವುದಿದೆ.